ಪಕ್ಕದ ತೋಟದ ಫಸಲು, ನಮ್ಮ ಕಣ್ಣು

ನಮಸ್ಕಾರ. ಎರಡು ಸಲ ಬೋರ್ಡೋ (ಮೈಲುತುತ್ತ-ಸುಣ್ಣದ ಮದ್ದು) ಹೊಡೆದರೂ ನಿಮ್ಮ ಅಡಿಕೆ ತೋಟಕ್ಕೆ ಕೊಳೆರೋಗ ಬಂತು, ಪಕ್ಕದವರ ಗೊನೆ ಉಳಿಯಿತು, ಭಾನುವಾರ ಚರ್ಚಿನಲ್ಲಿ ಬಲಿಪೂಜೆಗೆ ಅವರ ಪಕ್ಕ ಕೂರುವುದೇ ಕಷ್ಟ, ಏನು ಮಾಡಲಿ ಅಂತ ಕೇಳಿದ್ದೀರಿ.

ಬೈಬಲಿನಲ್ಲಿ ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದ ದ್ರಾಕ್ಷಿತೋಟದ ಕತೆ ಮತ್ತೊಮ್ಮೆ ಓದಿ. ಬೆಳಗ್ಗೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಯಜಮಾನ ಒಂದೇ ದಿನಗೂಲಿ ಕೊಡುತ್ತಾನೆ. ಬೆಳಗಿನವನಿಗೆ ಒಪ್ಪಿದ ಕೂಲಿಯಲ್ಲಿ ಬಿಡಿಗಾಸೂ ಕಡಿಮೆಯಾಗಿಲ್ಲ. ಪಕ್ಕದವನ ಕೈ ನೋಡಿದ್ದಕ್ಕೇ ಹೊಟ್ಟೆ ಉರಿಯಿತು. ‘ನಾನು ಒಳ್ಳೆಯವನೆಂದು ನಿನ್ನ ಕಣ್ಣು ಕೆಟ್ಟದ್ದೋ?’ ಮೂಲ ಗ್ರೀಕಿನಲ್ಲಿ ಯಜಮಾನನ ಪ್ರಶ್ನೆ ಹೀಗೇ ಇದೆ. ನಾವು ‘ಕಣ್ಣು ಬಿತ್ತು’ ಅನ್ನುತ್ತೇವಲ್ಲ, ಅದೇ ಕಣ್ಣು.

ನನಗೂ ಒಂದು ವರ್ಷ ಹೀಗೇ ಆಗಿತ್ತು. ಉದುರಿದ ಕಾಯಿ ಹೆಕ್ಕುತ್ತ, ಬೇಲಿಯಾಚೆ ಅಡಿಕೆ ಬೇಯಿಸುವ ಹಂಡೆಯ ಹೊಗೆ ಕಂಡರೆ ಮೈಯೆಲ್ಲ ಉರಿ. ಪ್ರಾರ್ಥನೆ ಮಾಡಿದೆ, ನಿಜ ಹೇಳಬೇಕೆಂದರೆ ಏನೂ ಆಗಲಿಲ್ಲ. ಅಡಿಕೆ ಸುಲಿಯುವವರು ಸಿಗದೆ ಪಕ್ಕದ ತೋಟದವರು ಒದ್ದಾಡುತ್ತಿದ್ದ ಒಂದು ರಾತ್ರಿ ಮೆಟ್ಟುಗತ್ತಿ ಹಿಡಿದು ಅವರ ಚಪ್ಪರಕ್ಕೆ ಹೋಗಿ ಕೂತೆ. ಹನ್ನೊಂದರವರೆಗೆ ಸುಲಿದೆವು. ಅರ್ಧ ಫಸಲು ಸಾಲಕ್ಕೇ ಹೋಗುತ್ತದೆ ಅಂದರು. ಅದು ಕೇಳಿ ಒಳಗೊಳಗೇ ಸಮಾಧಾನವಾಯಿತು ನೋಡಿ, ಅದೂ ಹೊಟ್ಟೆಕಿಚ್ಚೇ! ನಾಚಿಕೆಯಾಗಿ ಮರುದಿನವೂ ಹೋದೆ. ಮೂರನೇ ರಾತ್ರಿಗೆ ಕಾಯಿ ಯಾರದೆನ್ನುವುದೇ ಮರೆತಿತ್ತು.

ನೀವೂ ಹೋಗಿ. ಹಾಗೇ, ಬೋರ್ಡೋ ಹೇಗೆ ಕಲಸಿದರೆಂದು ಅವರನ್ನೇ ಕೇಳಿ. 100 ಲೀಟರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಸುಣ್ಣ ಹಳತಾಗಿದ್ದರೆ ಮದ್ದು ಕೆಡುತ್ತದೆ.