ಮಡಚೋದು ಸುಲಭ, ಮೆಟ್ಟಿಲು ಹತ್ತಿಸೋದು ಕಷ್ಟ

ಪ್ರಶ್ನೆ: ಹಳೇ ಸೈಕಲ್ಲಿನ ಫ್ರೇಮನ್ನು ಮಧ್ಯಕ್ಕೆ ಕತ್ತರಿಸಿ, ಗೇಟಿಗೆ ಹಾಕುವ ದಪ್ಪ ಹಿಂಜು ವೆಲ್ಡ್ ಮಾಡಿಸಿ ಮಡಚುವ ಸೈಕಲ್ ಮಾಡಿದ್ದೇನೆ. ಹ್ಯಾಂಡಲ್ಲಿನ ಬುಡಕ್ಕೂ ಒಂದು ಹಿಂಜು ಹಾಕಿದ್ದೇನೆ. ಮಡಚುತ್ತದೆ, ಆದರೆ ಓಡಿಸುವಾಗ ಹ್ಯಾಂಡಲ್ ಒಂದು ದಿಕ್ಕು, ಹಿಂದಿನ ಚಕ್ರ ಇನ್ನೊಂದು ದಿಕ್ಕು. ತೂಕ 19 ಕೆಜಿ. ಮೆಟ್ರೋದಲ್ಲಿ ಒಯ್ಯುವ ಆಸೆ. ಏನು ಮಾಡಲಿ?
- ಓದುಗರೊಬ್ಬರು, ಪೀಣ್ಯ

ಉತ್ತರ: ಮೊದಲು ಆ ಗೇಟಿನ ಹಿಂಜು ತೆಗೀರಿ ಸ್ವಾಮಿ. ನೀವು ದಿನಕ್ಕೆ ಎರಡು ಸಲ ಮಡಚಿದರೆ ಜಾಸ್ತಿ, ಉಳಿದ ಹೊತ್ತೆಲ್ಲ ಅಲ್ಲಿ ಜಾಯಿಂಟೇ ಇಲ್ಲ ಅನ್ನುವ ಹಾಗೆ ಅದು ಗಟ್ಟಿಯಾಗಿ ಕೂತಿರಬೇಕು. ಲೆಕ್ಕ ನೋಡಿ. ಹ್ಯಾಂಡಲ್ ಬುಡದ ಹಿಂಜು 3 ಸೆಂ.ಮೀ. ಅಗಲ ಇದೆ, ಅದರಲ್ಲಿ ಬರೀ 0.2 ಮಿ.ಮೀ. ಸಡಿಲ ಇದೆ ಅಂತಿಟ್ಟುಕೊಳ್ಳಿ. ನಿಮ್ಮ ಕೈ ಇರುವುದು ಅದರಿಂದ 60 ಸೆಂ.ಮೀ. ಮೇಲೆ. ಅಲ್ಲಿಗೆ ಬರುವ ಹೊತ್ತಿಗೆ ಆ ಸಡಿಲ 20 ಪಟ್ಟು ಬೆಳೆದು 4 ಮಿ.ಮೀ. ಆಗಿರುತ್ತದೆ. ಗಡಗಡ ಅನ್ನದೆ ಇನ್ನೇನು ಮಾಡೀತು?

ಲಂಡನ್ನಿನ ಆಂಡ್ರ್ಯೂ ರಿಚಿ ಅನ್ನುವವರು 1970ರ ದಶಕದಲ್ಲಿ ತಮ್ಮ ಫ್ಲ್ಯಾಟಿನಲ್ಲೇ ಕೂತು ಇದೇ ತಲೆನೋವು ಬಿಡಿಸಿದರು. ಕಿಟಕಿ ಎದುರಿಗೆ ಬ್ರಾಂಪ್ಟನ್ ಆರೇಟರಿ ಅನ್ನುವ ಚರ್ಚು, ಸೈಕಲ್ಲಿಗೂ ಅದೇ ಹೆಸರು ಬಂತು. ಅವರ ಹಿಂಜಿನ ಎರಡು ಭಾಗಗಳ ಅಂಚು ಓರೆಯಾಗಿರುತ್ತದೆ. ಅವುಗಳ ಮೇಲೆ ಒಂದು ಕ್ಲಾಂಪ್ ಬಂದು ಕೂರುತ್ತದೆ, ಅದರ ಒಳಮೈಯೂ ಓರೆ. ಲಿವರ್ ತಿರುಗಿಸಿದಷ್ಟೂ ಬೆಣೆ ಹೊಡೆದ ಹಾಗೆ ಎರಡೂ ಭಾಗ ಒಂದಕ್ಕೊಂದು ಬಿಗಿಯುತ್ತವೆ. ಸವೆದರೂ ಇನ್ನೊಂದು ಸುತ್ತು ಬಿಗಿ ಮಾಡಿದರಾಯ್ತು. ಪೀಣ್ಯದಲ್ಲಿ ಲೇತ್, ಮಿಲ್ಲಿಂಗ್‌ಗೆ ಬರವಾ? ಇಂಥದ್ದೊಂದು ಮಾಡಿಸಿ. ಆ ಸೈಕಲ್ಲಿನಲ್ಲಿ ನನಗೆ ತುಂಬ ಹಿಡಿಸಿದ್ದು ಇನ್ನೊಂದು. ಮಡಚಿದಾಗ ಚೈನು ಎರಡು ಚಕ್ರಗಳ ನಡುವೆ ಸೇರಿಕೊಳ್ಳುತ್ತದೆ, ಪಕ್ಕದವರ ಪ್ಯಾಂಟಿಗೆ ಗ್ರೀಸು ಹತ್ತುವುದಿಲ್ಲ. ಇಷ್ಟೆಲ್ಲ ಆದರೂ ದೊಡ್ಡ ಮಟ್ಟದಲ್ಲಿ ಕಾರ್ಖಾನೆ ಶುರುವಾಗಿದ್ದು 1988ರಲ್ಲಿ, ಹಾಗಾಗಿ ನಿಮ್ಮ ಮೊದಲ ಮಾದರಿ ಕೆಟ್ಟಿತು ಅಂತ ಬೇಜಾರು ಮಾಡ್ಕೋಬೇಡಿ.

ಈಗ ಮೆಟ್ರೋ ವಿಷಯ. ಮಡಚುವ ಸೈಕಲ್ಲಿಗೆ ನಮ್ಮ ಮೆಟ್ರೋ 2022ರಲ್ಲಿ ಅನುಮತಿ ಕೊಟ್ಟಾಗ ಹೇಳಿದ ಅಳತೆ 60×45×25 ಸೆಂ.ಮೀ., ತೂಕ 15 ಕೆಜಿ ಒಳಗೆ. ಟೇಪ್ ಹಿಡಿದು ನಿಂತರೆ ಬ್ರಾಂಪ್ಟನ್ನೇ ಫೇಲು, ಅದು ಮಡಚಿದಾಗ ಸುಮಾರು 64×58×27. ನಿಮ್ಮದು ತೂಕದಲ್ಲೇ ಔಟ್. ಆದ್ದರಿಂದ ದೊಡ್ಡ ಚಕ್ರ ಬಿಟ್ಟು 16 ಇಂಚಿಗೆ ಬನ್ನಿ. ಆದರೆ ಪೆಡಲ್ ಬಳಿಯ ಹಳೇ 44 ಹಲ್ಲಿನ ಚಕ್ರ, ಹಿಂದಿನ ಚಕ್ರದ 18 ಹಲ್ಲಿನ ಫ್ರೀವೀಲ್ ಹಾಗೇ ಇಟ್ಟರೆ ಒಂದು ಸುತ್ತು ತುಳಿದರೆ 3 ಮೀಟರ್ ಚಿಲ್ಲರೆ ಹೋಗ್ತೀರಿ ಅಷ್ಟೆ, ಸರ್ಕಸ್ ಕರಡಿ ತುಳಿದ ಹಾಗೆ. 52ಕ್ಕೆ 14 ಹಾಕಿದರೆ 5 ಮೀಟರ್ ಹತ್ತಿರ ಬರುತ್ತದೆ. ಹೊಸ ಮಾದರಿಯನ್ನು ರಸ್ತೆಯಲ್ಲಿ ಓಡಿಸುವ ಮೊದಲು ಮಡಚಿ, ಒಂದೇ ಕೈಯಲ್ಲಿ ಎತ್ತಿಕೊಂಡು ಎರಡು ಮಹಡಿ ಹತ್ತಿ ನೋಡಿ. ಎಲ್ಲಿ ಮೊಣಕಾಲಿಗೆ ತಾಗುತ್ತೆ, ಎಲ್ಲಿ ಬೆರಳು ಸಿಕ್ಕಿಕೊಳ್ಳುತ್ತೆ ಅಂತ ಅಲ್ಲೇ ಗೊತ್ತಾಗುತ್ತದೆ. ನಾನು ಒಂದು ಸಲ ಅರ್ಧಕ್ಕೇ ಇಳಿಸಿ ಕೂತಿದ್ದೆ.

ಪ್ರಶ್ನೆ: ನನ್ನ ಮಗ ಸೂಟ್‌ಕೇಸಿನಲ್ಲಿ ಹಿಡಿಸುವ ವ್ಯಾಯಾಮದ ಸೈಕಲ್ ಮಾಡಿದ್ದಾನೆ. ಯೂಟ್ಯೂಬಿಗೆ ಹಾಕ್ತೀನಿ ಅಂತಾನೆ. ಪೇಟೆಂಟ್ ಸಿಗುತ್ತಾ?
- ತಾಯಿಯೊಬ್ಬರು, ಹುಬ್ಬಳ್ಳಿ

ಉತ್ತರ: ಅಮ್ಮಾ, ವಿಡಿಯೋ ಇವತ್ತೇ ಬೇಡ. ಅರ್ಜಿ ಹಾಕುವ ಮೊದಲೇ ಊರಿಗೆಲ್ಲ ತೋರಿಸಿದರೆ ಅದು ಹೊಸದು ಅಂತ ವಾದಿಸೋದು ಕಷ್ಟ. ಮೊದಲು ಪ್ರಾವಿಜನಲ್, ಅಂದರೆ ತಾತ್ಕಾಲಿಕ ಅರ್ಜಿ ಹಾಕಿಸಿ. ಒಬ್ಬ ವ್ಯಕ್ತಿ ಆನ್‌ಲೈನಲ್ಲಿ ಹಾಕಿದರೆ ಅರ್ಜಿ ಶುಲ್ಕ 1,600 ರೂಪಾಯಿ, ಕರ್ನಾಟಕದವರಿಗೆ ಕಚೇರಿ ಚೆನ್ನೈ. ಆಮೇಲೆ ಪೂರ್ತಿ ವಿವರ ಕೊಡಲು 12 ತಿಂಗಳು ಟೈಮು. ಸಿಕ್ಕರೆ ಅರ್ಜಿ ಹಾಕಿದ ದಿನದಿಂದ 20 ವರ್ಷ. ಆದರೆ ‘ಮಡಚುವ ಸೈಕಲ್’ ಅಂತ ಸುಮ್ನೆ ಬರೆದರೆ ಸಿಗಲ್ಲ. ಎರಡನೇ ಮಹಾಯುದ್ಧದಲ್ಲೇ ಬ್ರಿಟನ್ನಿನ ಪ್ಯಾರಾಚೂಟ್ ಪಡೆಗೆ ಮಡಚುವ ಸೈಕಲ್ ಕೊಟ್ಟಿದ್ದರು. ನಿಮ್ಮ ಹುಡುಗನ ಲಾಕ್‌ನಲ್ಲಿ, ಕೀಲಿನಲ್ಲಿ ಹೊಸದೇನಿದೆಯೋ ಅದನ್ನು ಬರೆಯಲಿ.

ಪ್ರಶ್ನೆ: ಮಂಚದ ಕೆಳಗೆ ಇಡಬಹುದು ಅಂತ ಪುಟ್ಟ ಪೆಡಲ್ ಯಂತ್ರ ತಂದೆ. ತುಳಿದರೆ ಅದೇ ಮುಂದೆ ಓಡಿ ಹೋಗುತ್ತೆ!
- ಗೃಹಿಣಿ, ಶಿವಮೊಗ್ಗ

ಉತ್ತರ: ಹಗುರ ಮಾಡಿದ್ದರ ಬೆಲೆ ಅದು. ಯಂತ್ರವನ್ನು ಗೋಡೆಗೆ ಒತ್ತಿ ಇಡಿ, ಕೆಳಗೆ ರಬ್ಬರ್ ಮ್ಯಾಟ್ ಹಾಸಿ, ಚಕ್ರ ಇರುವ ಕುರ್ಚಿ ಬೇಡ. ಒಳಗೆ ಪಟ್ಟಿ ಉಜ್ಜುವ ಬಗೆಯದಾದರೆ ಹತ್ತು ನಿಮಿಷ ತುಳಿದ ಮೇಲೆ ಬಿಸಿಯಾಗುತ್ತದೆ, ಗಾಬರಿಯಾಗಬೇಡಿ, ಆದರೆ ತಕ್ಷಣ ಮುಟ್ಟಬೇಡಿ. ಕೈಗೂ ಏನಾದರೂ ಬೇಕು ಅನ್ನಿಸಿದರೆ ಸೈಕಲ್ ಶಾಪಿನಲ್ಲಿ ಬಿಸಾಡುವ ಟ್ಯೂಬ್ ಒಂದು ಕೇಳಿ ತನ್ನಿ. ವಾಲ್ವ್ ಇರುವ ಭಾಗ ಕತ್ತರಿಸಿ ತೆಗೆದು, ಸೋಪಿನಲ್ಲಿ ತೊಳೆದು, ಪಾದದ ಕೆಳಗೆ ಹಾಕಿ ಎರಡೂ ತುದಿ ಹಿಡಿದು ಎಳೆಯಿರಿ. ಬಿರುಕು ಕಂಡರೆ ಮಾತ್ರ ಎಸೆಯಿರಿ, ಮುಖಕ್ಕೆ ಬಡಿದೀತು.