ಪಿವೋಟ್ ಟೇಬಲ್‌ನಲ್ಲಿ ಕಾಣುವ ತಪ್ಪು ಸಂಖ್ಯೆಯನ್ನು ಅಲ್ಲೇ ತಿದ್ದಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಎಕ್ಸೆಲ್ ಪಿವೋಟ್ ಟೇಬಲ್‌ನಲ್ಲಿ (ಮೂಲ ಶೀಟ್‌ನ ಸಾಲುಗಳನ್ನು ಗುಂಪು ಮಾಡಿ ಕೂಡಿಸಿ ತೋರಿಸುವ ಸಾರಾಂಶ ಪಟ್ಟಿಯಲ್ಲಿ) 4,500 ಇರಬೇಕಾದ ಕಡೆ 45,000 ಬಂದಿದೆ, ಅದರ ಮೇಲೆ ಟೈಪ್ ಮಾಡಿದರೆ ಈ ಭಾಗವನ್ನು ಬದಲಿಸಲಾಗದು ಎಂಬ ಸಂದೇಶ ಬರುತ್ತದೆ, ಮುಂದೇನು?

ಅಲ್ಲಿ ತಿದ್ದಲು ಬರುವುದಿಲ್ಲ, ಬರಲೂಬಾರದು. ಆ ಸೆಲ್‌ನಲ್ಲಿರುವುದು ಹಲವು ಸಾಲುಗಳನ್ನು ಕೂಡಿಸಿದ ಉತ್ತರ. ಉತ್ತರವನ್ನೇ ಬದಲಿಸಿಬಿಟ್ಟರೆ ಯಾವ ಸಾಲಿನಿಂದ ಎಷ್ಟು ಕಳೆಯಬೇಕೆಂದು ಎಕ್ಸೆಲ್‌ಗೆ ತಿಳಿಯುವುದು ಹೇಗೆ? ಇನ್ನೊಂದು ವಿಷಯ, ಪಿವೋಟ್ ನಿಮ್ಮ ಶೀಟನ್ನು ನೇರವಾಗಿ ಓದುತ್ತಿರುವುದಿಲ್ಲ. ಡೇಟಾದ ಒಂದು ನಕಲನ್ನು ಪಿವೋಟ್ ಕ್ಯಾಶ್‌ನಲ್ಲಿ ಇಟ್ಟುಕೊಂಡು ಅದರಿಂದ ಲೆಕ್ಕ ಹಾಕುತ್ತದೆ. ಹಾಗಾಗಿ ಮೂಲ ಶೀಟ್‌ನಲ್ಲಿ ತಿದ್ದಿ ಸುಮ್ಮನಾದರೆ ಸಾಮಾನ್ಯವಾಗಿ ಸಾಲದು, ರಿಫ್ರೆಶ್ ಮಾಡಬೇಕು, ಅಂದರೆ ಆ ನಕಲನ್ನು ಹೊಸದಾಗಿ ಓದಿಸಬೇಕು.

ಮೊದಲು ತಪ್ಪಿರುವ ಸಾಲನ್ನು ಹುಡುಕಿ. ಅನುಮಾನ ಇರುವ ಮೊತ್ತದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಆ ಮೊತ್ತಕ್ಕೆ ಸೇರಿದ ಸಾಲುಗಳಷ್ಟೇ ಒಂದು ಹೊಸ ಶೀಟ್‌ನಲ್ಲಿ ತೆರೆದುಕೊಳ್ಳುತ್ತವೆ. ಬಹಳ ಜನ ಎಡವುವುದು ಇಲ್ಲೇ: ಆ ಹೊಸ ಶೀಟ್ ಬರೀ ನಕಲು. ಅದರಲ್ಲಿ ತಿದ್ದಿದ್ದು ಮೂಲಕ್ಕೂ ಹೋಗುವುದಿಲ್ಲ, ಪಿವೋಟ್‌ಗೂ ಬರುವುದಿಲ್ಲ. ತಪ್ಪು ಸಾಲಿನ ಬಿಲ್ ಸಂಖ್ಯೆಯನ್ನೋ ದಿನಾಂಕವನ್ನೋ ನೋಡಿಕೊಂಡು ಮೂಲ ಶೀಟ್‌ಗೆ ಹೋಗಿ, ಅಲ್ಲಿ ತಿದ್ದಿ, ಪಿವೋಟ್‌ಗೆ ಮರಳಿ ಆಲ್ಟ್ + ಎಫ್5 ಒತ್ತಿ. ಫೈಲ್‌ನಲ್ಲಿರುವ ಎಲ್ಲ ಪಿವೋಟ್‌ಗಳನ್ನೂ ಒಟ್ಟಿಗೆ ರಿಫ್ರೆಶ್ ಮಾಡಲು ಕಂಟ್ರೋಲ್ + ಆಲ್ಟ್ + ಎಫ್5. ಕೆಲಸ ಮುಗಿದ ಮೇಲೆ ಆ ನಕಲು ಶೀಟನ್ನು ಅಳಿಸಿಬಿಡಿ. ಉಳಿಸಿಕೊಂಡರೆ ಮುಂದೊಂದು ದಿನ ಯಾರಾದರೂ ಅದನ್ನೇ ಮೂಲ ಎಂದುಕೊಳ್ಳುತ್ತಾರೆ.

ರಿಫ್ರೆಶ್ ಮಾಡಿದರೂ ಹೊಸ ಸಾಲುಗಳು ಬರದಿದ್ದರೆ, ಪಿವೋಟ್‌ಗೆ ಕೊಟ್ಟಿರುವ ರೇಂಜ್ ಹಳೆಯ ಕೊನೆಯ ಸಾಲಿಗೇ ನಿಂತಿದೆ ಎಂದರ್ಥ. ಮೂಲ ಡೇಟಾದ ಒಳಗೆ ಕ್ಲಿಕ್ ಮಾಡಿ ಕಂಟ್ರೋಲ್ + ಟಿ ಒತ್ತಿ ಅದನ್ನು ಟೇಬಲ್ ಮಾಡಿಕೊಳ್ಳಿ. ಆಮೇಲೆ ಪಿವೋಟ್‌ಟೇಬಲ್ ಅನಲೈಜ್ ಟ್ಯಾಬ್‌ನ ಚೇಂಜ್ ಡೇಟಾ ಸೋರ್ಸ್‌ನಲ್ಲಿ ಆ ಟೇಬಲ್‌ನ ಹೆಸರು ಕೊಡಿ. ಸಾಲು ಸೇರಿಸಿದಂತೆಲ್ಲ ರೇಂಜ್ ತಾನಾಗಿಯೇ ಬೆಳೆಯುತ್ತದೆ.

ಸಂಖ್ಯೆಗಳಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಲೇಬಲ್‌ಗಳು, ಏಕೆಂದರೆ ಅವುಗಳ ಮೇಲೆ ಟೈಪ್ ಮಾಡಲು ಎಕ್ಸೆಲ್ ಬಿಡುತ್ತದೆ. ‘ಉತ್ತರ’ ಎಂಬ ಸಾಲಿನ ಹೆಸರಿನ ಮೇಲೆ ‘ವಲಯ 1’ ಎಂದು ಬರೆದರೆ ಪಿವೋಟ್‌ನಲ್ಲಿ ಮಾತ್ರ ಹೆಸರು ಬದಲಾಗುತ್ತದೆ, ಮೂಲದಲ್ಲಿ ‘ಉತ್ತರ’ವೇ ಇರುತ್ತದೆ, ರಿಫ್ರೆಶ್ ಮಾಡಿದರೂ ಹೊಸ ಹೆಸರು ಹೋಗುವುದಿಲ್ಲ. ಇನ್ನು ‘ಉತ್ತರ’ದ ಮೇಲೆ, ಆಗಲೇ ಪಟ್ಟಿಯಲ್ಲಿರುವ ‘ದಕ್ಷಿಣ’ ಎಂದು ಬರೆದಿರೋ, ಹೆಸರು ಬದಲಾಗುವುದೇ ಇಲ್ಲ. ‘ದಕ್ಷಿಣ’ದ ಸಾಲು ತನ್ನ ಸಂಖ್ಯೆಗಳ ಸಮೇತ ಆ ಜಾಗಕ್ಕೆ ಬಂದು ಕೂರುತ್ತದೆ. ನೋಡಿದವರಿಗೆ ಲೆಕ್ಕವೇ ತಲೆಕೆಳಗಾದಂತೆ ಕಾಣುತ್ತದೆ. ಹೆಸರು ತಪ್ಪಾಗಿದ್ದರೆ ಮೂಲದಲ್ಲೇ ತಿದ್ದಿ. ತಿದ್ದಿದ ಮೇಲೂ ಹಳೆಯ ಹೆಸರು ಫಿಲ್ಟರ್ ಪಟ್ಟಿಯಲ್ಲಿ ಉಳಿದರೆ, ಪಿವೋಟ್‌ಟೇಬಲ್ ಆಪ್ಷನ್ಸ್‌ನ ಡೇಟಾ ಟ್ಯಾಬ್‌ನಲ್ಲಿ ಪ್ರತಿ ಫೀಲ್ಡ್‌ಗೆ ಉಳಿಸಿಕೊಳ್ಳಬೇಕಾದ ಐಟಂಗಳ ಸಂಖ್ಯೆಯನ್ನು ‘ನನ್’ (None, ಅಂದರೆ ಯಾವುದೂ ಬೇಡ) ಎಂದಿಟ್ಟು ರಿಫ್ರೆಶ್ ಮಾಡಿ.

ಒಂದೇ ಹೆಸರು ಎರಡು ಸಾಲಾಗಿ ಬರುತ್ತಿದೆಯೇ? ಒಂದರ ಕೊನೆಯಲ್ಲಿ ಕಣ್ಣಿಗೆ ಕಾಣದ ಸ್ಪೇಸ್ ಇರಬಹುದು. ಮೂಲದ ಪಕ್ಕದ ಕಾಲಂನಲ್ಲಿ ಹೆಚ್ಚುವರಿ ಸ್ಪೇಸ್ ತೆಗೆಯುವ ಟ್ರಿಮ್ (TRIM) ಫಾರ್ಮುಲಾ ಹಾಕಿ, ಬಂದದ್ದನ್ನು ಪೇಸ್ಟ್ ವ್ಯಾಲ್ಯೂಸ್ ಮೂಲಕ, ಅಂದರೆ ಫಾರ್ಮುಲಾ ಬಿಟ್ಟು ಉತ್ತರವನ್ನಷ್ಟೇ, ಹಳೆಯದರ ಮೇಲೆ ಅಂಟಿಸಿ. ವೆಬ್ ಪುಟದಿಂದ ನಕಲಿಸಿದ ಡೇಟಾದಲ್ಲಿ ಕೆಲವೊಮ್ಮೆ ಟ್ರಿಮ್‌ಗೂ ಜಗ್ಗದ 160ನೇ ಕ್ಯಾರೆಕ್ಟರ್ (ಸ್ಪೇಸ್‌ನಂತೆಯೇ ಕಾಣುವ ಬೇರೊಂದು ಅಕ್ಷರ, CHAR(160)) ಇರುತ್ತದೆ, ಅದನ್ನು ಸಬ್ಸ್ಟಿಟ್ಯೂಟ್ (SUBSTITUTE) ಫಾರ್ಮುಲಾದಿಂದ ತೆಗೆಯಬೇಕು.

ಮೂಲವನ್ನು ಮುಟ್ಟದೆ ಲೆಕ್ಕವನ್ನಷ್ಟೇ ಬದಲಿಸಲು ಕ್ಯಾಲ್ಕುಲೇಟೆಡ್ ಫೀಲ್ಡ್, ಅಂದರೆ ಪಿವೋಟ್ ಒಳಗೇ ಫಾರ್ಮುಲಾ ಬರೆದು ಸೇರಿಸುವ ಕಾಲಂ, ಇದೆ. ಒಟ್ಟು ಮೊತ್ತದ ಮೇಲೆ ಶೇ. 10 ಸೇರಿಸುವಂಥದ್ದಕ್ಕೆ ಅದು ಸರಿ. ದರ × ಪ್ರಮಾಣಕ್ಕೆ ಖಂಡಿತ ಬೇಡ, ಏಕೆಂದರೆ ಅದು ಮೊದಲು ಕೂಡಿಸಿ ಆಮೇಲೆ ಗುಣಿಸುತ್ತದೆ. ಒಂದು ಸಾಲಿನಲ್ಲಿ ದರ 10, ಪ್ರಮಾಣ 3. ಇನ್ನೊಂದರಲ್ಲಿ ದರ 20, ಪ್ರಮಾಣ 5 ಇದ್ದರೆ ನಿಜವಾದ ಮೊತ್ತ 130. ಒಟ್ಟು ಸಾಲಿನಲ್ಲಿ ಕ್ಯಾಲ್ಕುಲೇಟೆಡ್ ಫೀಲ್ಡ್ ತೋರಿಸುವುದು 30 × 8, ಅಂದರೆ 240. ಗುಣಾಕಾರದ ಕಾಲಂ ಅನ್ನು ಮೂಲದಲ್ಲೇ ಸೇರಿಸಿಕೊಳ್ಳಿ.

ವರದಿಗೆ ಕಳಿಸುವಾಗ ಒಂದೆರಡು ಸೆಲ್ ಕೈಯಾರೆ ಬದಲಿಸಲೇಬೇಕಿದ್ದರೆ ಪಿವೋಟ್ ಪೂರ್ತಿ ಆಯ್ದು ಬೇರೆ ಶೀಟ್‌ನಲ್ಲಿ ಪೇಸ್ಟ್ ವ್ಯಾಲ್ಯೂಸ್ ಮಾಡಿ. ಅದಕ್ಕೆ ಮೂಲದ ನಂಟು ಇರುವುದಿಲ್ಲ, ಹಾಗಾಗಿ ದಿನಾಂಕ ಬರೆದಿಡಿ.

ಮೂಲ ಶೀಟ್ ಯಾರೋ ಅಳಿಸಿಬಿಟ್ಟಿದ್ದರೆ ರಿಫ್ರೆಶ್ ಒತ್ತಲು ಹೋಗಬೇಡಿ. ಎಲ್ಲ ಫಿಲ್ಟರ್‌ಗಳನ್ನೂ ತೆಗೆದು, ಸಾಲು ಮತ್ತು ಕಾಲಂ ಎರಡರ ಗ್ರ್ಯಾಂಡ್ ಟೋಟಲ್ ಸೇರುವ ಸೆಲ್ ಮೇಲೆ ಡಬಲ್ ಕ್ಲಿಕ್ ಮಾಡಿ. ಫೈಲ್ ಜೊತೆ ಕ್ಯಾಶ್ ಉಳಿದಿದ್ದರೆ ಎಲ್ಲ ಸಾಲುಗಳೂ ಹೊಸ ಶೀಟ್‌ನಲ್ಲಿ ಮರಳಿ ಸಿಗುತ್ತವೆ. ಫಾರ್ಮುಲಾಗಳು ಬರುವುದಿಲ್ಲ, ಅವುಗಳ ಉತ್ತರಗಳು ಬರುತ್ತವೆ. ಅದನ್ನೇ ಟೇಬಲ್ ಆಗಿ ಇಟ್ಟುಕೊಂಡು, ಚೇಂಜ್ ಡೇಟಾ ಸೋರ್ಸ್‌ನಲ್ಲಿ ಕೊಟ್ಟು, ಆಮೇಲೆ ರಿಫ್ರೆಶ್ ಮಾಡಿ.