ಜಿಮ್ ಪುಡಿ, ಕಿಡ್ನಿ ಭಯ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

21 ವರ್ಷದ ಇಂಜಿನಿಯರಿಂಗ್ ಹುಡುಗ. ತಾಯಿಯೇ ಕರೆದುಕೊಂಡು ಬಂದಿದ್ದರು. ರಕ್ತಪರೀಕ್ಷೆಯಲ್ಲಿ ಕಿಡ್ನಿ ಹೇಗಿದೆ ಎಂದು ತಿಳಿಯಲು ನೋಡುವ ಕ್ರಿಯಾಟಿನಿನ್ 1.5 ಬಂದಿತ್ತು, ಪಕ್ಕದಲ್ಲಿ ‘ಹೈ’ ಎಂಬ ಗುರುತು. “ಜಿಮ್ ಪುಡಿ ತಿಂದು ಕಿಡ್ನಿ ಹಾಳು ಮಾಡ್ಕೊಂಡಿದಾನೆ ಮೇಡಂ, ನೀವೇ ಬುದ್ಧಿ ಹೇಳಿ” ಎಂದರು.

ತಾಯಿಯನ್ನು ಹೊರಗೆ ಕೂರಿಸಿ ಅವನ ಜೊತೆ ಮಾತಾಡಿದೆ. ಬೇಗ ಮೈ ತುಂಬಲಿ ಅಂತ ಕ್ರಿಯಾಟಿನ್ ಎಂಬ ಜಿಮ್ ಪುಡಿಯನ್ನು ದಿನಕ್ಕೆ 20 ಗ್ರಾಂ, ಅದೂ ಒಂದೇ ಸಲಕ್ಕೆ ಕುಡಿಯುತ್ತಿದ್ದ. ಜಿಮ್‌ನವರು ಲೋಡಿಂಗ್ ಅನ್ನುವುದು ಇದನ್ನೇ. ಆದರೆ ಅದನ್ನು ದಿನಕ್ಕೆ ನಾಲ್ಕು ಸಲ ಹಂಚಿಕೊಂಡು, 5ರಿಂದ 7 ದಿನ ಮಾತ್ರ ಮಾಡುವುದು. ಲೋಡಿಂಗ್ ಮಾಡಲೇಬೇಕು ಅಂತಲೂ ಇಲ್ಲ. ದಿನಕ್ಕೆ 3ರಿಂದ 5 ಗ್ರಾಂ ಸಾಕು, ಪರಿಣಾಮ ಕಾಣಲು ಸ್ವಲ್ಪ ತಡವಾಗುತ್ತದೆ ಅಷ್ಟೆ. ಇವನು ತಿಂಗಳಿಡೀ ಎಳೆದಿದ್ದ. ಹೊಟ್ಟೆ ಉಬ್ಬರ, ಭೇದಿ ಶುರುವಾಗಿದ್ದು ಹಾಗೆ. ತೂಕ ಎರಡು ಕೆಜಿ ಏರಿತ್ತು. ಸ್ನಾಯುಗಳಲ್ಲಿ ನೀರು ನಿಲ್ಲುವುದರಿಂದ ಮೊದಮೊದಲು ಅಷ್ಟು ಏರುವುದು ಸಾಮಾನ್ಯ.

ಕಿಡ್ನಿ ವಿಷಯ ಬಿಡಿಸಿ ಹೇಳಬೇಕಾಯಿತು. ದೇಹದಲ್ಲಿ ಕ್ರಿಯಾಟಿನ್ ಒಡೆದಾಗ ಆಗುವುದೇ ಕ್ರಿಯಾಟಿನಿನ್. ಪುಡಿ ತಿಂದರೆ ಕಿಡ್ನಿ ಚೆನ್ನಾಗಿದ್ದರೂ ಆ ಅಂಕಿ ಏರಬಹುದು. ಜಾಸ್ತಿ ಮಾಂಸ ತಿಂದರೂ, ಜೋರು ಕಸರತ್ತು ಮಾಡಿದರೂ ಏರುತ್ತದೆ. ಇವನದು ಹಿಂದಿನ ರಾತ್ರಿ ಮಟನ್ ಬಿರಿಯಾನಿ, ಬೆಳಗ್ಗೆ ಲೆಗ್ ಡೇ (ಕಾಲಿನ ಕಸರತ್ತು), ಅಲ್ಲಿಂದ ನೇರ ಲ್ಯಾಬ್! ಆದರೂ ‘ಏನೂ ಆಗಿಲ್ಲ’ ಎಂದು ಹೇಳುವ ಕೆಲಸ ನನ್ನದಲ್ಲ. ಫಿಸಿಷಿಯನ್ ಹತ್ತಿರ ಕಳಿಸಿದೆ. ಅವರು ಪುಡಿ ನಿಲ್ಲಿಸಿ, ಕೆಲವು ವಾರ ಬಿಟ್ಟು ಮತ್ತೆ ರಕ್ತಪರೀಕ್ಷೆ ಮಾಡಿಸಿದರು. ಜೊತೆಗೆ ಕಿಡ್ನಿ ನೋಡುವ ಇನ್ನೊಂದು ರಕ್ತಪರೀಕ್ಷೆ, ಸಿಸ್ಟಾಟಿನ್ ಸಿ ಕೂಡ. ಅದು ಕ್ರಿಯಾಟಿನ್ ಪುಡಿಯಿಂದ ಏರುವಂಥದ್ದಲ್ಲ. ಎರಡೂ ಸರಿಯಾಗಿದ್ದವು.

ನನಗೆ ಹೆಚ್ಚು ಕಳವಳ ಆಗಿದ್ದು ಬೇರೆ ಎರಡು ಸಂಗತಿಗೆ. ಮೈಕೈ ನೋವಿಗೆಂದು ದಿನಾ ನೋವಿನ ಮಾತ್ರೆ ನುಂಗುತ್ತಿದ್ದ. ಕಿಡ್ನಿಗೆ ನಿಜವಾಗಿ ಕೆಟ್ಟದ್ದು ಆ ಚಟ. ಇನ್ನೊಂದು, ಗೆಳೆಯ ಕೊಟ್ಟ ಲೇಬಲ್ ಇಲ್ಲದ ‘ಮಾಸ್’ ಪುಡಿ. ಅಂಥದ್ದರಲ್ಲಿ ಸ್ಟೀರಾಯ್ಡ್ ಬೆರೆತಿದ್ದರೂ ಗೊತ್ತಾಗುವುದಿಲ್ಲ. ಮಾತ್ರೆ ಬಿಡು, ಆ ಪುಡಿ ಎಸೆ ಎಂದೆ. ಒಪ್ಪಿದ.

ಕೂದಲು ಉದುರುತ್ತಿದೆ ಎಂದು ರಾತ್ರಿಯೆಲ್ಲ ಮೊಬೈಲ್ ನೋಡುತ್ತಿದ್ದನಂತೆ. ಕ್ರಿಯಾಟಿನ್‌ನಿಂದ ಕೂದಲು ಉದುರುತ್ತದೆ ಎಂಬ ಮಾತು ಬೆಳೆದಿದ್ದು 2009ರಲ್ಲಿ ಪ್ರಕಟವಾದ, ದಕ್ಷಿಣ ಆಫ್ರಿಕಾದ ರಗ್ಬಿ ಆಟಗಾರರ ಒಂದು ಚಿಕ್ಕ ಅಧ್ಯಯನದಿಂದ. ಅದರಲ್ಲಿ ಬೋಳುತಲೆಗೆ ನಂಟಿರುವ ಡಿಎಚ್‌ಟಿ ಎಂಬ ಹಾರ್ಮೋನ್ ಏರಿತ್ತು, ನಿಜ. ಕೂದಲನ್ನು ಯಾರೂ ಅಳೆದಿರಲಿಲ್ಲ. 2025ರಲ್ಲಿ ಬಂದ 12 ವಾರಗಳ ಪ್ರಯೋಗದಲ್ಲಿ ಕೂದಲನ್ನೇ ಅಳೆದು ನೋಡಿದರು, ವ್ಯತ್ಯಾಸ ಕಾಣಲಿಲ್ಲ. ಅವನ ಮನೆಯಲ್ಲಿ ಅಪ್ಪ, ಸೋದರಮಾವ ಇಬ್ಬರದೂ ಬೋಳುತಲೆ. ಅದನ್ನು ನೆನಪಿಸಿದಾಗ ಮೊದಲ ಸಲ ನಕ್ಕ.

ತಾಯಿಗೆ ಹೇಳಿದ್ದು ಇಷ್ಟು: “ಬಯ್ದರೆ ಡಬ್ಬ ಹಾಸ್ಟೆಲ್‌ಗೆ ಹೋಗುತ್ತೆ ಅಷ್ಟೆ. ಡಾಕ್ಟರ್ ಒಪ್ಪಿದರೆ ದಿನಕ್ಕೆ 3 ಗ್ರಾಂ ತಗೊಳ್ಳಲಿ, ನಿಮಗೆ ಗೊತ್ತಿದ್ದೇ ತಗೊಳ್ಳಲಿ.” ಬಿಪಿ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರಿಗಾದರೆ ಈ ಮಾತು ಹೇಳುತ್ತಿರಲಿಲ್ಲ, ಅವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಇಷ್ಟು ಅವಸರ ಯಾಕೆ ಎಂದು ಕೇಳಿದ್ದಕ್ಕೆ ಅವನು ಬಾಯಿಬಿಟ್ಟಿದ್ದು ಮೂರನೇ ಭೇಟಿಯಲ್ಲಿ. ನೆಂಟರ ಮುಂದೆಲ್ಲ ಅಪ್ಪ ಅವನನ್ನು ‘ಕಡ್ಡಿ ಪೈಲ್ವಾನ್’ ಎಂದೇ ಕರೆಯುತ್ತಾರಂತೆ. ಮುಂದಿನ ಸಲ ಅಪ್ಪನನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.